ಮಾತಾಡದೆ ಕೀಳುವ ಎಲೆ

ಗೋರೆಗಾಂವ್, ಗುರುವಾರ, 11 ಜುಲೈ 2024

ಮೊಣಕಾಲಿನ ಬಾವು ಇಂದೂ ಇಳಿಯಲಿಲ್ಲ. ತಪ್ಪು ನನ್ನ ನಾಲಿಗೆಯದೇ. ನಮ್ಮ ಬಿಲ್ಡಿಂಗಿನ ಹಿಂದಿನ ಕಾಡಿನಲ್ಲಿರುವ ವಾರ್ಲಿ ಬುಡಕಟ್ಟಿನ ಹೆಂಗಸು ಲಾಡಕಿಬಾಯಿ, ನನ್ನ ಜೊತೆ ಇಟ್ಟಿಗೆ ಹೊತ್ತು ಕನ್ನಡ ಕಲಿತವಳು, ಬಾವಿಳಿಸುವ ಎಲೆ ತೋರಿಸಲು ಕರೆದೊಯ್ದಳು. ಕೀಳುವವರೆಗೆ ಯಾರೂ ಮಾತಾಡಬಾರದಂತೆ, ಆಡಿದರೆ ಗುಣ ಹೋಗುತ್ತದಂತೆ. ದಾರಿಯಲ್ಲಿ ರಿಕ್ಷಾದವನು ನನ್ನ ಸೀರೆಗೆಲ್ಲ ಕೆಸರು ಹಾರಿಸಿದ.

“ಕಣ್ಣು ಮನ್ಯಾಗ ಇಟ್ಟು ಬಂದಿಯೇನಲೇ?” ಎಂದುಬಿಟ್ಟೆ.

ಲಾಡಕಿಬಾಯಿ ಅಲ್ಲಿಂದಲೇ ತಿರುಗಿದಳು. “ಚಲಾ ಆಜಿ, ಮನಿಗೆ ನಡಿ. ಇವತ್ತ ಗಿಡಾ ಎಲಿ ಕೊಡಂಗಿಲ್ಲ. ನಾಳೆ ನಾಲಿಗಿ ಮನ್ಯಾಗ ಇಟ್ಟು ಬಾ.”

ಆ ಎಲೆ ಹೇಗಿರಬಹುದು? ನಾನು ಬೈದದ್ದು ಕನ್ನಡದಲ್ಲಿ, ಇಲ್ಲಿಯ ಗಿಡಕ್ಕೆ ಅದು ಹೇಗೆ ತಿಳಿದೀತು? ನಾಳೆ ಬಾಯ್ತುಂಬ ಎಲೆ-ಅಡಿಕೆ ಹಾಕಿಕೊಂಡೇ ಹೋಗುತ್ತೇನೆ. ಆದರೆ ನಡುವೆ ಉಗುಳಿದರೆ ಅದೂ ಮಾತಾಡಿದ ಹಾಗೆಯೋ ಏನೋ, ಕೇಳಿಕೊಳ್ಳಬೇಕಿತ್ತು...