ಹನ್ನೊಂದು ವರ್ಷದ ಮಿಸ್ಟೀರಿಯಸ್ ಸೈಲೆನ್ಸ್

ಇವಳೇ,

ಇವತ್ತು ಬೆಳಿಗ್ಗೆ ಪತ್ರಕರ್ತೆಯೊಬ್ಬಳು ಬಂದಿದ್ದಳು. ನೀನು ಹೋದ ಮೇಲಿನ ಹನ್ನೊಂದು ವರ್ಷದಲ್ಲಿ ನನ್ನ ಪಿಟೀಲಿನ ಒಂದೂ ಹೊಸ ರೆಕಾರ್ಡ್ ಬಂದಿಲ್ಲ, ಆದರೂ ಪೇಪರಿನವರು ಬೆನ್ನು ಬಿಟ್ಟಿಲ್ಲ. ನನ್ನದು ‘ಮಿಸ್ಟೀರಿಯಸ್ ಸೈಲೆನ್ಸ್’ ಅಂತೆ. ಕಾಲೇಜಿನಲ್ಲಿ ಇಂಥದ್ದರ ಮೇಲೊಂದು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದ್ದೆ, ಅರ್ಧ ಮರೆತಿದೆ, ಇರಲಿ.

“ಹೊಸದು ಮುಂದಿನ ವರ್ಷ” ಎಂದೆ.

“ಹೋದ ವರ್ಷಾನೂ ಇದೇ ರಾಗ ಎಳೆದ್ರಿ, ಅಜ್ಜ. ನಿಜ ಹೇಳಿ” ಎಂದು ಪೆನ್ನು ಮುಚ್ಚಿದಳು.

ಹೇಳಿಬಿಟ್ಟೆ. ನುಡಿಸಿದ್ದರಲ್ಲಿ ಯಾವುದು ಸರಿಬಂತೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಸ್ಟುಡಿಯೋದ ಗಾಜಿನಾಚೆ ಸ್ವೆಟರ್ ಹೆಣೆಯುತ್ತಿದ್ದ ನನ್ನ ಹೆಂಡತಿ ಕಡ್ಡಿ ಕೆಳಗಿಟ್ಟರೆ ಅದೇ ಸರಿ, ಎಂದು.

“ಅವರ ಹೆಸರು ಯಾವ ರೆಕಾರ್ಡಿನ ಕವರಿನ ಮೇಲೂ ಇಲ್ವಲ್ಲಾ?”

ನಾನು ಎದ್ದು ಪಿಟೀಲು ತಂದೆ. ಬೆರಳು ಮೊಂಡಾಗಿತ್ತು. ಆದರೂ ಮೂರನೇ ಸಲ ನುಡಿಸಿದಾಗ, ನೀನಿದ್ದಿದ್ದರೆ ಈಗ ಕಡ್ಡಿ ಇಡುತ್ತಿದ್ದೆ ಎಂದು ನನಗೇ ಗೊತ್ತಾಯಿತು. ಹುಡುಗಿ ಏನೂ ಬರೆದುಕೊಳ್ಳಲಿಲ್ಲ.

ಅವಳು ಹೋದಮೇಲೆ ಸ್ಟುಡಿಯೋ ಮಾಲೀಕನಿಗೆ ಫೋನ್ ಮಾಡಿ, ಸೋಮವಾರ ಬರುತ್ತೇನೆ, ಕವರಿನ ಮೇಲೆ ಎರಡು ಹೆಸರು ಹಾಕಬೇಕು ಎಂದೆ.

“ಎರಡನೆಯವರು ಏನು ನುಡಿಸ್ತಾರೆ, ಮೇಷ್ಟ್ರೇ?”

“ಅವರು ಕೇಳಿಸ್ಕೊಳ್ತಾರೆ” ಎಂದೆ.