ನನ್ನದೆಂದು ಹೇಳಿಕೊಂಡ ಕುರ್ಚಿ

ಡರ್ಬನ್
ಆಗಸ್ಟ್ ೧೪, ಬುಧವಾರ

ಪ್ರೀತಿಯ ಅಮ್ಮನಿಗೆ,

ಕೆಲಸ ಜಾಸ್ತಿ, ಅದಕ್ಕೇ ಫೋನ್ ಎತ್ತುತ್ತಿಲ್ಲ ಎಂದು ತಂಗಿಯಿಂದ ಹೇಳಿಸಿದ್ದೆ. ಸುಳ್ಳು. ನಿನ್ನ ದನಿ ಕೇಳುವ ಮುಖ ನನಗಿರಲಿಲ್ಲ.

ಆ ದಿನ ನೀನು ಎಶೋವೆಯಿಂದ ಹೇಳದೆ ಕೇಳದೆ ಬಂದೆ, ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಹಿಡಿದು. ನನ್ನ ಮಗಳು ಬುಯಿಸಿವೆ ಯಾರ ಕೈಕೆಳಗೂ ಇಲ್ಲ ಎಂದು ಊರಿಗೆಲ್ಲ ಹೇಳಿದವಳು ನೀನು. ಹಾಗೆಂದು ನಿನಗೆ ಹೇಳಿದವಳು ನಾನು. ಸಲೂನಿಗೆ ಬಂದವಳೇ ನನ್ನ ಕುರ್ಚಿಯಲ್ಲಿ ಕೂತು ತಲೆವಸ್ತ್ರ ಬಿಚ್ಚಿದೆ. ನಾನು ಜಡೆ ಹೆಣೆಯತೊಡಗಿದೆ.

ಅಷ್ಟರಲ್ಲಿ ಒಡತಿ ಗ್ವಾಲಾ ಮೇಡಂ ಬಂದರು. "ಯಾರನ್ನ ಕೇಳಿ ಕೂರಿಸಿದೆ? ಯಾರಿವರು?"

"ಗೊತ್ತಿಲ್ಲ ಮೇಡಂ, ಯಾರೋ ಗಿರಾಕಿ" ಎಂದೆ.

ನೀನು ಕನ್ನಡಿಯಲ್ಲಿ ನನ್ನನ್ನು ನೋಡಿದೆ. "ಹೌದಮ್ಮ, ಗೊತ್ತಿಲ್ದೆ ಕೂತ್ಬಿಟ್ಟೆ" ಎಂದು ಎದ್ದು, ಅರ್ಧ ಹೆಣೆದ ತಲೆಗೆ ವಸ್ತ್ರ ಕಟ್ಟಿಕೊಂಡು ಹೊರಟೇಬಿಟ್ಟೆ. ನಾನು ಹಿಂದೆಯೇ ಓಡಿದೆ ಅಮ್ಮ. ಆದರೆ ನೀನು ಹತ್ತಿದ ವ್ಯಾನು ಹೊರಟಾಗಿತ್ತು.

ವಾಪಸ್ ಬಂದರೆ ನನ್ನ ಚೀಲ ಬಾಗಿಲ ಹೊರಗಿತ್ತು. "ಗಿರಾಕಿಗಳನ್ನ ಬಿಟ್ಟು ಓಡ್ತೀಯಾ? ಕೆಲಸದಿಂದ ತೆಗೆದ್ರು ಅನ್ನೋಕೆ ನೀನೇನು ನನ್ನ ಕೆಲಸದವಳಾ? ಸ್ವತಂತ್ರ ಗುತ್ತಿಗೆದಾರಳು ಅಂತ ಸಹಿ ಹಾಕಿದೀಯ. ಗುತ್ತಿಗೆ ಮುಗೀತು, ನಡಿ" ಎಂದರು ಮೇಡಂ.

ಪಕ್ಕದ ಕುರ್ಚಿಯಲ್ಲಿ ಜಡೆ ಹೆಣೆಯುವ ಥೆಂಬೇಕಾ ನನ್ನನ್ನು ಕಾರ್ಮಿಕರ ದೂರು ಕೇಳುವ ಕಚೇರಿಗೆ ಎಳೆದುಕೊಂಡು ಹೋದಳು. ವಿಚಾರಣೆಗೆ ಮೇಡಂ ಕೂಡ ಬಂದಿದ್ದರು. ಬೆಲೆ ಹೇಳುವವರು ಯಾರು, ಬರುವ ಹೊತ್ತು ಗೊತ್ತು ಮಾಡುವವರು ಯಾರು ಎಂದು ಅಧಿಕಾರಿ ಕೇಳಿದರು. ಎಲ್ಲಕ್ಕೂ ಮೇಡಂ ಎಂದೆ. ಹುಷಾರಿಲ್ಲದಾಗ ನನ್ನ ಬದಲು ಇನ್ನೊಬ್ಬಳನ್ನು ಕಳಿಸಬಹುದೇ, ಬೇರೆ ಕಡೆ ಜಡೆ ಹೆಣೆಯಬಹುದೇ? ಇಲ್ಲ.

"ನಿಮಗೆ ಬೇಕಾದವರನ್ನ ಕೂರಿಸ್ಕೋಬಹುದಾ?"

"ನಮ್ಮಮ್ಮನನ್ನೇ ಕೂರಿಸೋಕಾಗ್ಲಿಲ್ಲ ಸರ್."

ಮೇಡಂ ತಟ್ಟನೆ ತಿರುಗಿದರು. "ಅವರು ನಿಮ್ಮಮ್ಮನಾ? ಒಂದ್ಮಾತು ಹೇಳೋಕೇನಾಗಿತ್ತೇ ನಿಂಗೆ? ನಾನೇನು ಎಬ್ಬಿಸ್ತಿದ್ನಾ?"

ಎಬ್ಬಿಸುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಹೇಳಿದ್ದರೆ ಗೊತ್ತಾಗುತ್ತಿತ್ತು. ಅವರು ಎಬ್ಬಿಸು ಎನ್ನುವ ಮೊದಲೇ ನನ್ನ ನಾಲಿಗೆ ನಿನ್ನನ್ನು ಬಿಟ್ಟುಕೊಟ್ಟಿತ್ತು.

ಅಧಿಕಾರಿ ಮೆಲ್ಲಗೆ ಹೇಳಿದರು: "ಸಹಿ ಹಾಕಿದ್ರೆ ಸ್ವತಂತ್ರ ಆಗಲ್ಲಮ್ಮ. ಯಾರಿಗೆ, ಯಾವಾಗ, ಎಷ್ಟಕ್ಕೆ ಅಂತ ನೀವೇ ಹೇಳ್ಬೇಕು. ಲಾಭ ಆದ್ರೂ ನಷ್ಟ ಆದ್ರೂ ನಿಮ್ದೇ ಆಗ್ಬೇಕು. ನೀವು ಅಲ್ಲಿ ಕೆಲಸದವರು. ಹಾಗೆ ಹೊರಗೆ ಹಾಕೋ ಹಾಗಿಲ್ಲ."

ಗೆದ್ದೆ. ಆದರೂ ಎಲ್ಲರೆದುರು 'ಕೆಲಸದವರು' ಎನ್ನಿಸಿಕೊಂಡಾಗ ಕಿವಿ ಬಿಸಿಯಾಯಿತು. ಈಗ ಅನ್ನಿಸುತ್ತಿದೆ, ನಾಚಬೇಕಾದದ್ದು ಆ ಮಾತಿಗಲ್ಲ. ಶನಿವಾರ ಬರುತ್ತೇನೆ. ಬೈಯುವುದಿದ್ದರೆ ಬೈ, ಸುಮ್ಮನಿರಬೇಡ.

ನಿನ್ನ ಮಗಳು,
ಬುಯಿಸಿವೆ

ತಾ.ಕ.: ಇನ್ನು ಸ್ವಂತ ಅಂಗಡಿ ಇಡುತ್ತಾಳೆ ಎಂದು ಅಕ್ಕಪಕ್ಕದವರಿಗೆ ಹೇಳಿಬಿಟ್ಟೀಯ. ಬೇಡ. ಮೊನ್ನೆ ಸೋಮವಾರದಿಂದ ಅದೇ ಸಲೂನಿಗೆ ಹೋಗುತ್ತಿದ್ದೇನೆ, ಕೆಲಸದವಳಾಗಿ. ಶನಿವಾರಕ್ಕೆ ರಜೆ ಕೇಳಿದೆ. ಗಿರಾಕಿಗಳ ಮುಂದೆಯೇ ಮೇಡಂ ಯಾಕೆ ಎಂದರು. ನಮ್ಮಮ್ಮನನ್ನು ನೋಡಬೇಕು ಎಂದೆ, ಎಲ್ಲರಿಗೂ ಕೇಳುವ ಹಾಗೆ.