ಸೇರಿಸದ ಸಾಲು

ಮನೆಯಿಂದ, ಹದಿನಾಲ್ಕನೆಯ ತಾರೀಖು, ಮಂಗಳವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನೂ ಕೂಸೂ ಚೆನ್ನಾಗಿದ್ದಾರೆಂದು ಭಾವ ಹೇಳಿದರು. ಕೂಸಿಗೆ ತಾತನ ಮೂಗೇ ಬಂದಿದೆಯಂತೆ. ಅಷ್ಟು ಚಿಕ್ಕ ಮುಖದಲ್ಲಿ ಅಷ್ಟು ದೊಡ್ಡ ಮೂಗನ್ನು ಎಲ್ಲಿಟ್ಟುಕೊಂಡಿದೆಯೋ. ಇಲ್ಲಿ ನಾನೂ ಅಪ್ಪನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ. ಮಾತು ಮಾತ್ರ ನಿಂತಿದೆ.

ಅಪ್ಪನ ಬಳಿ ಆಪ್ತಸಮಾಲೋಚನೆಗೆ ಬರುತ್ತಿದ್ದ ಒಬ್ಬ ಹೆಂಗಸು ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟಿದ್ದರು. ಹೆಸರನ್ನು ನಿನಗೂ ಹೇಳುವಂತಿಲ್ಲ. ಇಷ್ಟನ್ನು ಬರೆಯುತ್ತಿರುವುದೂ ಅವರ ಒಪ್ಪಿಗೆ ಪಡೆದೇ. ತಾವಿರುವ ಜಾಗವನ್ನು ಅವರು ಅಪ್ಪನಿಗೆ ಮಾತ್ರ ಹೇಳಿದ್ದರು. ಆ ಗಂಡ ಬಂದು ಅಪ್ಪನೆದುರು ಕೂತು ಅತ್ತನಂತೆ. ಮುರಿದ ಮನೆ ಕೂಡಿಸುವ ಚಪಲ ಅಪ್ಪನಿಗೆ ಮೊದಲಿಂದಲೂ ಉಂಟಲ್ಲ, ವಿಳಾಸ ಹೇಳಿಬಿಟ್ಟರು. ಮಾರನೆಯ ದಿನವೇ ಅವನು ಹೋಗಿ ಹೆಂಡತಿಯ ಕೈ ಮುರಿದ. ಈಗ ಅವನು ಪೊಲೀಸರ ವಶದಲ್ಲಿದ್ದಾನೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಅವರು ನಮ್ಮ ಸಮಾಲೋಚನಾ ಕೇಂದ್ರಕ್ಕೆ ಬಂದಾಗ ಬಾಗಿಲು ತೆರೆದವಳು ನಾನು. ಬೈಯಲಿಲ್ಲ. "ನಿಮ್ಮ ತಂದೆ ಒಬ್ರಿಗೇ ಹೇಳಿದ್ದೆ," ಅಂದರು, ಅಷ್ಟೇ.

ಅವರು ಹೋದಮೇಲೆ ಅಪ್ಪ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಆ ಹೆಂಗಸಿನ ಕಡತವನ್ನು ನನ್ನ ಮುಂದೆ ಸರಿಸಿದರು. ಟಿಪ್ಪಣಿ ಬರೆದಿಡುವವಳು ನಾನೇ ತಾನೆ. "ಗಂಡನಿಗೆ ತಿಳಿಸಬಹುದು ಅಂತ ಅವರೇ ಒಪ್ಪಿದ್ರು, ಅಂತ ಒಂದು ಸಾಲು ಸೇರಿಸು ಗುಬ್ಬಿ. ಮೂವತ್ತು ವರ್ಷದ ಹೆಸರು." ಪೆನ್ನಿನ ಮುಚ್ಚಳವನ್ನೂ ತೆಗೆದುಕೊಟ್ಟರು. "ಇಲ್ಲಿ ಕೇಳಿದ್ದು ಇಲ್ಲೇ ಇರ್ಬೇಕು ಅಂತ ಕಲಿಸಿದವರು ನೀವೇ ಅಪ್ಪಾ," ಅಂದೆ. ಅವರು ಕಿಟಕಿಯ ಕಡೆ ತಿರುಗಿ, "ಒಳ್ಳೇದು ಮಾಡ್ತಿದೀನಿ ಅನ್ಕೊಂಡಿದ್ದೆ," ಅಂದರು. ಅವರ ದನಿ ಅಷ್ಟು ಕುಗ್ಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆದರೂ ಕಡತವನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ನನ್ನ ಬಳಿಯೇ ಇಟ್ಟುಕೊಂಡೆ. ಹೆತ್ತ ತಂದೆಗೆ ಹೆದರಿ ಬೀಗ ಹಾಕುವ ಕಾಲ ಬಂತಲ್ಲ ಅಮ್ಮಾ.

ಅಕ್ಕನಿಗೆ ಈಗಲೇ ಹೇಳಬೇಡ, ಹಸಿ ಬಾಣಂತಿ. ಭಾವನಿಗೆ ನಮಸ್ಕಾರ, ಕೂಸಿನ ಮೂಗಿಗೊಂದು ಮುತ್ತು.

ನಿನ್ನ
ಗುಬ್ಬಿ

ತಾ.ಕ.: ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ಅಪ್ಪನ ಮೇಲೆ ನಮ್ಮ ವೃತ್ತಿಯ ಪರಿಷತ್ತಿಗೆ ದೂರು ಬರೆದು ಇಂದು ಬೆಳಿಗ್ಗೆ ಅಂಚೆಗೆ ಹಾಕಿದ್ದೇನೆ. ನೀನು ಯಾರ ಪರ ಎಂದು ಕೇಳುವುದಿಲ್ಲ, ಬೇಗ ಬಾ. ಹಾಕುವ ಮುಂಚೆ ಅಪ್ಪನಿಗೇ ಓದಿ ಹೇಳಿದೆ. ತಡೆಯಲಿಲ್ಲ. ಒಂದು ತಾರೀಖು ತಪ್ಪಿತ್ತು, ಅದನ್ನು ತಿದ್ದಿಕೊಟ್ಟರು.